ಕೋಟೆ ಬಾಗಿಲು ಹಾದು ಬಂದ ಮಕ್ಕಳ ಮನೆ

ಕೆಂಗಲ್ಲುಕೋಟೆಯ ರಾಣಿಯ ಡಂಗುರವನ್ನು ಊರೂರಿಗೆ ಸಾರಿದವನು ನಮ್ಮ ಮುತ್ತಜ್ಜ. ಆ ಡಂಗುರ ಇವತ್ತಿಗೂ ನಮ್ಮ ಅಟ್ಟದ ಮೇಲಿದೆ. ಸರಿ ಬಿಡಿ, ಸುಳ್ಳು. ನಮ್ಮ ಮನೆಗೆ ಅಟ್ಟವೇ ಇಲ್ಲ. ಸಾರಿದ ಮಾತನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ:

"ಕೇಳಿರಪ್ಪೋ ಕೇಳಿ! ಕೋಟೆಯ ಅಂಗಳದಲ್ಲಿ ಮತ್ತೆ ಮಕ್ಕಳ ಮನೆ ಏಳಬೇಕು. ರಾಣಿ ಮರಕತಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನೇ ಅದನ್ನು ಕಟ್ಟತಕ್ಕದ್ದು. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆ ಹೋಗತಕ್ಕದ್ದು!"

'ಮತ್ತೆ' ಅಂದದ್ದೇಕೆಂದರೆ, ಮೊದಲು ಒಂದಿತ್ತು. ಕೂಲಿಗೆ ಹೋಗುವ ತಾಯಂದಿರು ಕೂಸುಗಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ರಾಣಿಯೂ ತನ್ನ ನಾಲ್ಕು ವರ್ಷದ ಮಗನನ್ನು ಅವರ ಜೊತೆಗೇ ಆಡಲು ಬಿಟ್ಟಿದ್ದಳು. ಮಕ್ಕಳು ಹೆಚ್ಚಾದರೆಂದು ಮೇಲೊಂದು ಅಂತಸ್ತು ಕಟ್ಟತೊಡಗಿದರು, ಕೆಳಗೆ ಮಕ್ಕಳು ಆಡುತ್ತಿರುವಾಗಲೇ. ಒಂದು ಮಧ್ಯಾಹ್ನ ತೊಲೆ ಜಾರಿತು. ಐದು ಮಕ್ಕಳು ಹೋದವು, ಅದರಲ್ಲೊಬ್ಬ ರಾಜಕುಮಾರ. ಸುಳ್ಳು ಹೇಳಿ ಒಂದನ್ನಾದರೂ ಉಳಿಸಬಹುದಿತ್ತು, ನನಗೆ ಬಾಯಿ ಬರಲಿಲ್ಲ.

ಮುರಿದ ಮನೆಯನ್ನು ತೆಗೆಸಿದರು. ಕಲ್ಲಿನ ಜಗಲಿಯಷ್ಟೇ ಉಳಿಯಿತು. ಮಿಕ್ಕ ಮಕ್ಕಳು ಅಂಗಳದ ಹೊಂಗೆ ಮರದಡಿ, ನೆರಳು ಸರಿದಂತೆ ತಾವೂ ಸರಿಯುತ್ತ ಕೂರತೊಡಗಿದವು.

ಬಂದವರಿಗೆಲ್ಲ ರಾಣಿ ತಲೆಯೆತ್ತದೆ ಮೊದಲ ಒಗಟು ಕೇಳುತ್ತಿದ್ದಳು: "ಒಂದು ಮನೆಯಿದೆ. ಹುಟ್ಟಿದ ಜಾಗದಲ್ಲಿ ಅದು ನಿಲ್ಲುವುದಿಲ್ಲ. ನಿಂತ ಜಾಗದಲ್ಲಿ ಅದು ಹುಟ್ಟಿಲ್ಲ. ಯಾವುದು?"

ಆಸ್ಥಾನದ ವಾಸ್ತು ಪಂಡಿತ, "ಬಸವನಹುಳುವಿನ ಚಿಪ್ಪು" ಅಂದ.

"ಅದರೊಳಗೆ ಇಪ್ಪತ್ತು ಮಕ್ಕಳನ್ನು ಮಲಗಿಸಿ ತೋರಿಸಿ, ಪಂಡಿತರೇ" ಅಂದಳು. ಪಂಡಿತ ಸೆರೆಮನೆಗೆ ಹೋದ.

ಕಲ್ಲುಕುಟಿಕರ ಯಜಮಾನ ಮೀಸೆ ತಿರುವಿ, "ಡೇರೆ" ಅಂದ.

"ಗಾಳಿ ಬಂದ ದಿನ ಮಕ್ಕಳ ಮೇಲೆ ಬೀಳುವುದಕ್ಕಾ?" ಅವನೂ ಸೆರೆಮನೆಗೆ ಹೋದ. ಹೀಗೆ ಹನ್ನೊಂದು ಜನ. ಹುಣ್ಣಿಮೆಗೆ ಇನ್ನೆರಡೇ ದಿನ.

ಆಗ ಹೊರಟವನು ಮೋನಪ್ಪ, ಕೋಟೆಯ ಹೊರಗೆ ಎತ್ತಿನ ಗಾಡಿ ಮಾಡುವ ಹುಡುಗ. ಅವನ ತಂಗಿ ಪುಟ್ಟಕಾಳಿ ಆ ಐವರಲ್ಲಿ ಒಬ್ಬಳು.

"ಇದ್ದ ಇಬ್ಬರಲ್ಲಿ ಒಬ್ಬಳನ್ನ ಆ ಅಂಗಳ ನುಂಗಿತು. ನೀನೂ ಅಲ್ಲಿಗೇ ಹೊರಟ್ಯೇನೋ?" ಅಂದಳು ಅವ್ವ.

"ಆ ಕೂಸುಗಳು ಮರದಡಿ ಕೂತಿರೋದು ನೋಡೋಕಾಗಲ್ಲ ಕಣವ್ವ" ಅಂದು ಹೋದ.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. "ಗಾಡಿ ಮಾಡೋನು ಮನೆ ಕಟ್ತಾನಂತೆ! ಎತ್ತು ಎಲ್ಲಿ ಹೂಡ್ತೀಯೋ?"

"ಮುಂದ್ಗಡೆನೇ ಸ್ವಾಮಿ" ಅಂದ ಮೋನಪ್ಪ. ಆಮೇಲೆ ರಾಣಿಯ ಕಡೆ ತಿರುಗಿದ. "ಕೋಣೆ ಕೋಣೆಯಾಗಿ ನನ್ನ ಕೊಟ್ಟಿಗೇಲಿ ಮಾಡೋ ಮನೆ ಅದು ತಾಯಿ. ನೆಲ, ಗೋಡೆ, ಸೂರು, ಕಿಟಕಿ, ಎಲ್ಲ ಅಲ್ಲೇ. ಆಮೇಲೆ ಗಾಡಿ ಮೇಲೆ ತಂದು ಹಳೇ ಜಗಲಿ ಮೇಲಿಟ್ಟು ಒಂದಕ್ಕೊಂದು ಜೋಡಿಸೋದು. ಒಂದು ಹಗಲು ಸಾಕು. ಅವತ್ತು ಮಕ್ಕಳನ್ನ ಅವರವರ ಮನೇಲಿರಿಸೋಣ. ಅವರ ತಲೆ ಮೇಲೆ ತೊಲೆ ಏರೋದೇ ಇಲ್ಲ."

ರಾಣಿ ತಲೆಯೆತ್ತಿ ಎರಡನೆಯ ಒಗಟು ಕೇಳಿದಳು: "ಎಂಟು ಕೋಣೆ ಬೇಕು. ಎಂಟಕ್ಕೂ ಅಗಲ ಗೊತ್ತುಮಾಡುವವರು ಯಾರು? ನಾನಲ್ಲ, ನೀನಲ್ಲ, ಮಕ್ಕಳೂ ಅಲ್ಲ."

"ಕೋಟೆ ಬಾಗಿಲು ತಾಯಿ. ಹೋದ ವರ್ಷ ಗೌಡರಿಗೆ ಅಗಲವಾದ ಗಾಡಿ ಮಾಡಿಕೊಟ್ಟೆ. ಬಾಗಿಲಲ್ಲಿ ಸಿಕ್ಕಿಕೊಂಡು ಎರಡು ದಿನ ಕೋಟೆಯೊಳಗೆ ಹಾಲು ಬರಲಿಲ್ಲ. ಊರೆಲ್ಲ ನಕ್ಕಿತು. ದಾರೀಲಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಯಾವುದೋ ಅದೇ ಅಳತೆ ಕೊಡೋದು. ಅದಕ್ಕಿಂತ ನಾಲ್ಕು ಬೆರಳು ಕಮ್ಮಿ ಇಟ್ಟರಾಯ್ತು."

ಇಲ್ಲಿ ರಾಣಿ ನಕ್ಕಳು ಅಂತ ಹೇಳುವ ಆಸೆ ನನಗೆ. ನಗಲಿಲ್ಲ. ಮೂರನೆಯ ಒಗಟು ಕೇಳಿದಳು:

"ಆ ಮನೆಯಲ್ಲೊಂದು ಸದ್ದು. ಕೇಳಿಸಿದರೂ ನನ್ನ ಎದೆ ಒಡೆಯುತ್ತದೆ, ಕೇಳಿಸದೆ ಹೋದರೂ ಒಡೆಯುತ್ತದೆ. ಏನದು?"

ಹಿಂದಿನಿಂದ ಯಾರೋ, "ಸುತ್ತಿಗೆ ಅನ್ನೋ, ಸುತ್ತಿಗೆ" ಅಂತ ಪಿಸುಗುಟ್ಟಿದರು. ಕಾವಲಿನವನು ಒಂದು ಹೆಜ್ಜೆ ಹತ್ತಿರ ಬಂದ.

"ಮಕ್ಕಳು ಆಡೋ ಸದ್ದು ತಾಯಿ" ಅಂದ ಮೋನಪ್ಪ ಕೊನೆಗೆ. "ಪಕ್ಕದ ಮನೆ ಕೂಸು ನಕ್ಕರೆ ನಮ್ಮವ್ವ ಒಳಕ್ಕೆ ಓಡ್ತಾಳೆ. ಅದು ಸುಮ್ಮನಾದರೆ, ಏನಾಯ್ತೋ ಅಂತ ಹೊರಕ್ಕೆ ಓಡ್ತಾಳೆ."

ರಾಣಿ ಮುಂದಕ್ಕೆ ಬಾಗಿದಳು.

"ನಿಮ್ಮವ್ವ ಯಾರಪ್ಪ?"

"ಪುಟ್ಟಕಾಳಿಯ ತಾಯಿ."

"ತೊಲೆ ಎತ್ತಿದಾಗ ನನ್ನ ಮಗನ ಕೈ ಪುಟ್ಟಕಾಳಿಯ ಕೈಯಲ್ಲಿತ್ತು" ಅಂದಳು ರಾಣಿ. ಅಷ್ಟು ಹೇಳಿ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಸೆರೆಮನೆಯ ಕಡೆ ಕೈ ತೋರಿಸಿ, "ಬಿಟ್ಟುಬಿಡಿ ಅವರನ್ನೆಲ್ಲ. ಅವರನ್ನೂ ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ" ಅಂದಳು.

ಮೋನಪ್ಪನಿಗೆ ಅರಮನೆಯ ಬಡಗಿಗಳ ಯಜಮಾನಿಕೆ ಕೊಟ್ಟಳು. ಇನ್ನೇನು ಬೇಕೋ ಕೇಳು ಅಂದಳು.

"ಮಕ್ಕಳು ಮನೆ ಹೊಕ್ಕೋ ದಿನ ನೀವು ಬಂದು ನಮ್ಮವ್ವನ ಪಕ್ಕ ಕೂತ್ಕೋಬೇಕು ತಾಯಿ. ಒಬ್ಬಳೇ ಆ ಸದ್ದು ಕೇಳೋಕೆ ಅವಳ ಕೈಲಿ ಆಗಲ್ಲ."

ಮೂರು ತಿಂಗಳಿಗೆ ಎಂಟು ಗಾಡಿಗಳು ಸಾಲಾಗಿ ಬಾಗಿಲು ಹಾದವು; ಒಂದು ಗೀರೂ ಬೀಳಲಿಲ್ಲ. ಸಂಜೆಗೆ ಮನೆ ನಿಂತಿತ್ತು. ಮಾರನೆಯ ಬೆಳಿಗ್ಗೆ ಮಕ್ಕಳು ಕಿರುಚುತ್ತ ಒಳಗೆ ನುಗ್ಗಿದಾಗ ಮೆಟ್ಟಿಲ ಮೇಲೆ ಇಬ್ಬರು ತಾಯಂದಿರು ಕೂತಿದ್ದರು. ಕೊನೆಯ ಕೂಸನ್ನು ಅದರ ತಾಯಿ ಎತ್ತಿಕೊಂಡು ಹೋಗುವ ತನಕ ಏಳಲಿಲ್ಲ.

ಯಾಕ್ರೀ ಹಾಗೆ ನೋಡ್ತೀರಿ? ಕಣ್ಣಿಗೆ ಈ ಟೀ ಅಂಗಡಿ ಒಲೆ ಹೊಗೆ ಹೋಯ್ತು, ಅಷ್ಟೇ. ನನ್ನ ಟೀ ದುಡ್ಡೂ ನೀವೇ ಕೊಟ್ಟುಬಿಡಿ.