ಇಳಿಜಾರಿನಲ್ಲಿ ನಿಲ್ಲದ ಯಂತ್ರ

"ಉಸ್ತಾದ್, ಕೈತಪ್ಪಿ ಹೋಗುತ್ತಿರುವ ಜನರನ್ನು ಹಿಡಿದು ನಿಲ್ಲಿಸಲು ಇನ್ನೂ ಎಷ್ಟು ಬಿಗಿ ಮಾಡಬೇಕು?"

ಹೀಗೆ ಕೇಳಿದವಳು ಕಸ್ತೂರಿ. ದಾವಲಸಾಬ ಉಸ್ತಾದರ ಕೈಕೆಳಗೆ ಯಂತ್ರ ರಿಪೇರಿ ಕಲಿತವಳು. ಉಸ್ತಾದರು ಶೆಡ್ಡಿನ ಉಸ್ತುವಾರಿಯನ್ನು ಅವಳಿಗೆ ಒಪ್ಪಿಸಿ, ಪಕ್ಕದಲ್ಲೇ ಇದ್ದ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಶೆಡ್ಡಿನ ಕೆಲಸಗಾರರ ಮೇಲೆ ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ತಾನು ಎದುರಿಗಿದ್ದರೆ ಕೆಲಸ, ಬೆನ್ನು ತಿರುಗಿಸಿದರೆ ಹರಟೆ ಎಂದು ದೂರಿದಳು. ಹೀಗೇ ಆದರೆ ಈ ಶೆಡ್ಡು ತನ್ನಿಂದ ಸಾಗದು, ಬೀಗದಕೈ ವಾಪಸ್ ತೆಗೆದುಕೊಳ್ಳಿ ಎಂದಳು.

ಉಸ್ತಾದರು ಚಹಾದ ಲೋಟ ಕೆಳಗಿಟ್ಟರು.

"ಬೀಗದಕೈ ನಿನ್ನ ಹತ್ತಿರವೇ ಇರಲಿ. ಕೂತುಕೋ. ನಡುವೆ ಬಾಯಿ ಹಾಕಿದರೆ ನಾನು ಎದ್ದು ಒಳಗೆ ಹೋಗುತ್ತೇನೆ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಮೇಸ್ತ್ರಿ ಇದ್ದ. ಲಾರಿ ರಿಪೇರಿಯಲ್ಲಿ ಪಳಗಿದ ಕೈ. ಕೈ ಒಳ್ಳೆಯದು, ಬಾಯಿ ಮಾತ್ರ ನನ್ನ ಹಾಗೆ. ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ದಿನ ಹತ್ತಿರ ಬಂದಿತ್ತು. ಚಾವಣಿಯ ಕೆಳಗಿನ ದೊಡ್ಡ ಪೈಪಿಗೆ ಇನ್ನೂ ಬೆಸುಗೆ ಆಗಬೇಕಿತ್ತು. ಅಷ್ಟು ಎತ್ತರಕ್ಕೆ ಏಣಿ ಸಾಲದೆಂದು ಒಂದು ಬೂಮ್ ಲಿಫ್ಟ್ ತರಿಸಿದ್ದರು.

ಬೂಮ್ ಲಿಫ್ಟ್ ಅಂದರೆ ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಕತೆ ಅಂದ ಮೇಲೆ ಬುಡದಿಂದ ಹೇಳಬೇಕು. ನಾಲ್ಕು ಗಾಲಿ. ಅದರ ಮೇಲೆ ಉದ್ದನೆಯ ಕಬ್ಬಿಣದ ತೋಳು. ತೋಳಿನ ತುದಿಯಲ್ಲಿ ಮನುಷ್ಯರು ನಿಲ್ಲುವ ಬುಟ್ಟಿ. ಆ ಬುಟ್ಟಿಯಲ್ಲಿ ನಿಂತೇ ಚಾಲಕ ಗಾಡಿ ಓಡಿಸುತ್ತಾನೆ. ಹಿಡಿಕೆ ದೂಡಿದರೆ ಓಡಬೇಕು, ಬಿಟ್ಟರೆ ನಿಲ್ಲಬೇಕು.

ಆ ಯಂತ್ರದಲ್ಲಿ ಬ್ರೇಕಿಗೆ ಎಣ್ಣೆ ಹರಿಸುವ ವಾಲ್ವ್ ಸೋರುತ್ತಿತ್ತು. ಮೇಸ್ತ್ರಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂಡಿಸಿದ. ಅಂಗಳದಲ್ಲಿ ಓಡಿಸಿ ನೋಡಿದ. ನಿಂತಿತು. "ಕಣ್ಣು ಮುಚ್ಚಿಕೊಂಡು ಹೋಗು" ಎಂದು ಚಾಲಕನಿಗೆ ಹೇಳಿದ.

ಅಂಗಳ ಸಪಾಟಾಗಿತ್ತು. ಸಪಾಟು ನೆಲದ ಮೇಲೆ ಕುಂಬಳಕಾಯಿಯೂ ನಿಲ್ಲುತ್ತದೆ. ಕಬ್ಬು ಅರೆಯುವ ಮನೆಗೆ ಹೋಗಬೇಕಾದರೆ ಒಂದು ಏರು ಹತ್ತಬೇಕು. ಚಾಲಕ ಯಂತ್ರದ ತೋಳು ಮಡಚಿ ಅರ್ಧ ಏರಿದ. ಎದುರಿಗೆ ಜನ ಬಂದರೆಂದು ಹಿಡಿಕೆ ಬಿಟ್ಟ. ಯಂತ್ರ ನಿಲ್ಲಲಿಲ್ಲ, ಹಿಂದಕ್ಕೆ ಜಾರಿತು. ಪುಣ್ಯಕ್ಕೆ ಪಕ್ಕದಲ್ಲಿ ಹೋದ ವರ್ಷದ ಕಬ್ಬಿನ ಸಿಪ್ಪೆಯ ರಾಶಿ ಇತ್ತು. ಅವನು ಗಾಲಿಯನ್ನು ಅತ್ತ ತಿರುಗಿಸಿದ, ಯಂತ್ರ ರಾಶಿಗೆ ಒರಗಿ ನಿಂತಿತು, ಜೀವ ಉಳಿಯಿತು.

ಚಾಲಕ ಇಳಿದು ಬಂದ.

"ಮೇಸ್ತ್ರಿಗಳೇ, ಮನೆಯಲ್ಲಿ ಹಸಿ ಬಾಣಂತಿಯನ್ನು ಬಿಟ್ಟು ಬಂದಿದ್ದೇನೆ. ನಿಮ್ಮ ಮಾತು ನಂಬಿ ಹತ್ತಿದೆ. ಇನ್ನೊಮ್ಮೆ ಹತ್ತಬೇಕಾದರೆ ಬುಟ್ಟಿಯಲ್ಲಿ ನನ್ನ ಪಕ್ಕ ನೀವೂ ನಿಲ್ಲಬೇಕು" ಎಂದ.

ಮೇಸ್ತ್ರಿಗೆ ತಲೆ ತಗ್ಗಿಸುವಂತಾಯಿತು. ಆಗಲಿ ಎಂದ. ಆಡಿದ ಮೇಲೆ ಮುಗಿಯಿತಲ್ಲ, ಈಗ ಅವನ ಜೀವವೂ ಅದೇ ಬುಟ್ಟಿಯಲ್ಲಿ.

ಬ್ರೇಕ್ ಸವೆದಿರಬೇಕು ಎಂದುಕೊಂಡು ಗಾಲಿ ಬಿಚ್ಚಿದ. ಒಳಗಿನ ಬ್ರೇಕಿನ ಬಿಲ್ಲೆಗಳು ಸವೆದಿರಲಿಲ್ಲ. ಸ್ಪ್ರಿಂಗುಗಳು ಗಟ್ಟಿಯಾಗಿದ್ದವು. ಹಾಗಾದರೆ ಎಣ್ಣೆಯ ಒತ್ತಡ ಸಾಲದು ಎಂದುಕೊಂಡ. ಲಾರಿಯವನ ಬುದ್ಧಿ ನೋಡು. ಲಾರಿಯಲ್ಲಿ ತುಳಿದಷ್ಟೂ ಬ್ರೇಕು ಹಿಡಿಯುತ್ತದೆ. ಒತ್ತಡದ ತಿರುಪನ್ನು ಬಿಗಿ ಮಾಡಿದ. ಏರಿನಲ್ಲಿ ಗಾಲಿಗಳ ಹಿಂದೆ ಮರದ ದಿಮ್ಮಿ ಇಟ್ಟು ಪರೀಕ್ಷೆ ಮಾಡಿದ. ಹಿಡಿಕೆ ಬಿಟ್ಟ ಕೂಡಲೇ ಯಂತ್ರ ದಿಮ್ಮಿಗೆ ಬಂದು ಗುದ್ದಿತು. ಇನ್ನಷ್ಟು ಬಿಗಿ ಮಾಡಿದ. ಇನ್ನಷ್ಟು ಜೋರಾಗಿ ಗುದ್ದಿತು.

ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ಯಂತ್ರವನ್ನು ಬೈದ, ಅದನ್ನು ಮಾಡಿದವನನ್ನು ಬೈದ, ಎಣ್ಣೆಯನ್ನು ಬೈದ. ಬೈಯಲು ಮತ್ತೇನೂ ಉಳಿಯದೆ ಏರನ್ನೂ ಬೈದ. ಏರು ಏನು ಮಾಡೀತು ಪಾಪ!

ಆಗ ಚಾಲಕ ಹೇಳಿದ: "ಒಂದು ಮಾತು. ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಇದು ಬಂಡೆಯ ಹಾಗೆ ನಿಲ್ಲುತ್ತದೆ. ಓಡುತ್ತಾ ನಿಲ್ಲಿಸಿದಾಗ ಮಾತ್ರ ಜಾರುತ್ತದೆ."

"ಅದು ನನಗೆ ಗೊತ್ತಿಲ್ಲವೇ!" ಎಂದು ಮೇಸ್ತ್ರಿ ಗದರಿದ. ಗದರಿದ ಬಾಯಿ ಹಾಗೇ ತೆರೆದು ನಿಂತಿತು.

ಎಂಜಿನ್ ಆರಿದರೆ ಒತ್ತಡವೇ ಇಲ್ಲ. ಒತ್ತಡ ಇಲ್ಲದಾಗ ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾದರೆ ಹಿಡಿಯುತ್ತಿರುವವರು ಯಾರು? ಸ್ಪ್ರಿಂಗು! ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಈ ಯಂತ್ರದಲ್ಲಿ ಹಿಡಿಯುವುದು ಸ್ಪ್ರಿಂಗಿನ ಕೆಲಸ. ಎಣ್ಣೆಯ ಒತ್ತಡ ಬರುವುದು ಆ ಹಿಡಿತವನ್ನು ಬಿಡಿಸಿ ಗಾಡಿಯನ್ನು ಹೊರಡಿಸಲು ಮಾತ್ರ. ಹಿಡಿಕೆ ಬಿಟ್ಟ ಕೂಡಲೇ ಎಣ್ಣೆ ತನ್ನ ಟ್ಯಾಂಕಿಗೆ ವಾಪಸ್ ಹೋಗಬೇಕು. ಹೋದರೆ ಸ್ಪ್ರಿಂಗು ಹಿಡಿಯುತ್ತದೆ. ಹೋಗದಿದ್ದರೆ ಅದರ ಕೈ ಕಟ್ಟಿಹಾಕಿದ ಹಾಗೆ.

ಮೇಸ್ತ್ರಿ ಬ್ರೇಕಿನ ಪೈಪಿಗೆ ಒತ್ತಡ ಅಳೆಯುವ ಮುಳ್ಳು ಕೂಡಿಸಿದ. ಹಿಡಿಕೆ ದೂಡಿಸಿದ, ಮುಳ್ಳು ಏರಿತು. ಹಿಡಿಕೆ ಬಿಡಿಸಿದ. ಮುಳ್ಳು ಥಟ್ಟನೆ ಸೊನ್ನೆಗೆ ಬೀಳಬೇಕಿತ್ತು. ಬೀಳಲಿಲ್ಲ. ಒಲ್ಲದ ಸೊಸೆ ತವರಿನಿಂದ ಹೊರಟ ಹಾಗೆ ನಿಂತು ನಿಂತು ಇಳಿಯಿತು.

"ಸಿಕ್ಕಿಬಿದ್ದೆ ಮಗನೇ!" ಎಂದು ಕೂಗಿದ.

ಎಂಜಿನ್ ಆರಿಸಿ, ಒತ್ತಡ ಪೂರ್ತಿ ಇಳಿದ ಮೇಲೆ, ಎಣ್ಣೆ ಹಿಂತಿರುಗುವ ಪೈಪನ್ನು ಬಿಚ್ಚಿದ. ಅದರ ಬಾಯಿಯೊಳಗೆ ಒಂದು ಬಟ್ಟೆಯ ಚಿಂದಿ ಸಿಕ್ಕಿಕೊಂಡು ಕೂತಿತ್ತು. ಎಳೆದು ತೆಗೆದು ನೋಡಿದ. ನೀಲಿ ಚೌಕಳಿಯ ಬಟ್ಟೆ. ಅವನದೇ ಹಳೆಯ ಲುಂಗಿಯದು. ನಮ್ಮವರ ರೂಢಿ ನಿನಗೆ ಗೊತ್ತಲ್ಲ, ಪೈಪು ಬಿಚ್ಚಿದರೆ ಧೂಳು ಹೋಗಬಾರದೆಂದು ಬಾಯಿಗೆ ಚಿಂದಿ ತುರುಕುತ್ತೇವೆ. ವಾಲ್ವ್ ಬದಲಾಯಿಸುವಾಗ ಅವನೂ ತುರುಕಿದ್ದ. ತೆಗೆಯಲು ಮರೆತಿದ್ದ. ಎಣ್ಣೆ ಅದರ ಸಂದಿಯಲ್ಲಿ ತೊಟ್ಟು ತೊಟ್ಟಾಗಿ ಜಿನುಗಿ ಹೋಗುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ!

ಬೇರೆ ಯಾರಾದರೂ ಆಗಿದ್ದರೆ ಚಿಂದಿಯನ್ನು ಕಿಸೆಗೆ ಇಳಿಸುತ್ತಿದ್ದರು. ಮೇಸ್ತ್ರಿ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. "ಕಳ್ಳ ಸಿಕ್ಕ! ನನ್ನ ಲುಂಗಿಯೇ ಕಳ್ಳ!" ಎಂದು ನಕ್ಕ. ಸುತ್ತ ಇದ್ದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಾಲಕ ಮಾತ್ರ ನಗಲಿಲ್ಲ. ಅವನ ಕಣ್ಣು ಏರಿನ ಮೇಲಿತ್ತು.

ಪೈಪು ಕೂಡಿಸಿದ್ದಾಯಿತು. ಬಿಗಿ ಮಾಡಿದ್ದ ತಿರುಪನ್ನೆಲ್ಲ ಮೊದಲಿನ ಜಾಗಕ್ಕೇ ತಂದಿದ್ದಾಯಿತು. ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದಿತು. ದಿಮ್ಮಿಗಳನ್ನಿಟ್ಟು ಏರಿನಲ್ಲಿ ನೋಡಿದರು, ಗಾಲಿ ದಿಮ್ಮಿಯನ್ನು ಮುಟ್ಟಲೇ ಇಲ್ಲ. ಆಮೇಲೆ ಮೇಸ್ತ್ರಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಚಾಲಕನ ಪಕ್ಕ ಬುಟ್ಟಿ ಹತ್ತಿದ. ಏರಿನ ಎರಡೂ ಬದಿಯ ಜನರನ್ನು ದೂರ ಸರಿಸಿದರು. ಯಂತ್ರ ಅರ್ಧ ಏರಿತು.

"ಬಿಡು" ಎಂದ ಮೇಸ್ತ್ರಿ.

ಚಾಲಕನ ಕೈ ಹಿಡಿಕೆಗೆ ಅಂಟಿಕೊಂಡಿತ್ತು. ಬಿಡಲು ಭಯ.

"ಬಿಡೋ ಮಾರಾಯ, ನಾನೂ ಇದ್ದೇನಲ್ಲ!"

ಅವನು ಬಿಟ್ಟ. ಯಂತ್ರ ನಿಂತಿತು. ಎಂಜಿನ್ ಗುಡುಗುತ್ತಲೇ ಇತ್ತು, ಗಾಲಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಚಾಲಕ ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿಬಿಟ್ಟ. ಕೆಳಗಿನಿಂದ ಶಿಳ್ಳೆಯೋ ಶಿಳ್ಳೆ. ಅವರು ಮತ್ತೆ ಹೊರಟರು, ಮತ್ತೆ ಬಿಟ್ಟರು, ಮತ್ತೆ ನಿಂತಿತು. ಕಬ್ಬು ಅರೆಯುವ ಮನೆಯ ಸಪಾಟು ನೆಲ ಸೇರಿದ ಮೇಲೆ ಚಾಲಕ ತೋಳು ಬಿಡಿಸಿ ಬುಟ್ಟಿಯನ್ನು ಚಾವಣಿಯವರೆಗೂ ಏರಿಸಿದ. ಪೈಪನ್ನು ಅಂಗೈಯಿಂದ ಬಡಿದು, "ಬೆಸುಗೆಯವರು ಬರಲಿ!" ಎಂದು ಮೇಲಿನಿಂದ ಗರ್ಜಿಸಿದ. ಮೇಸ್ತ್ರಿಗೆ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂತು, ಒರೆಸಿಕೊಳ್ಳಲೂ ಇಲ್ಲ. ಹೇಳಿದ ದಿನಕ್ಕೆ ಸರಿಯಾಗಿ ಗಾಣ ತಿರುಗಿತು, ಕಾರ್ಖಾನೆಯಲ್ಲಿ ಎಲ್ಲರಿಗೂ ಮೊದಲ ಕಬ್ಬಿನ ಹಾಲು ಹಂಚಿದರು.

ಉಸ್ತಾದರು ಕತೆ ಮುಗಿಸಿ ಲೋಟ ಎತ್ತಿಕೊಂಡರು. ಚಹಾ ಆರಿಹೋಗಿತ್ತು. ಅದಕ್ಕೂ ಒಂದು ಬೈಗುಳ ಹಾಕಿ ಕುಡಿದರು.

ಕಸ್ತೂರಿಗೆ ಸಮಾಧಾನ ಆಗಲಿಲ್ಲ.

"ಯಂತ್ರಕ್ಕಾದರೆ ಒಳಗೆ ಸ್ಪ್ರಿಂಗ್ ಇದೆ ಉಸ್ತಾದ್. ನನ್ನ ಜನರಿಗೆ ಎಲ್ಲಿದೆ?" ಎಂದು ಕೇಳಿದಳು.

ಉಸ್ತಾದರು ಶೆಡ್ಡಿನ ಕಡೆ ಕಿವಿಗೊಟ್ಟರು. ಒಳಗಿನಿಂದ ಸುತ್ತಿಗೆಯ ಸದ್ದು ಬರುತ್ತಲೇ ಇತ್ತು.

"ನೀನು ಇಲ್ಲಿ ಬಂದು ಕೂತಾಗಿನಿಂದ ಆ ಸುತ್ತಿಗೆಯ ಸದ್ದು ಒಮ್ಮೆಯೂ ನಿಂತಿಲ್ಲವಲ್ಲ ಮಗಳೇ, ಯಾರ ಭಯಕ್ಕೆ ಬಡಿಯುತ್ತಿದ್ದಾರೆ?"