ಗೊಂಬೆಯ ತುಟಿಯಂಚಿನ ಗಂಜಿ

ಹತ್ತಿಯುಂಡೆ ಮಾತಾಡಿತೆಂದರೆ ನೀವು ನಗುತ್ತೀರಿ. ನಕ್ಕುಬಿಡಿ, ನಾನಂತೂ ಕೇಳಿದ್ದನ್ನೇ ಹೇಳುತ್ತೇನೆ. ಪಶ್ಚಿಮ ಆಫ್ರಿಕಾದ ಯೊರುಬಾ ಜನಾಂಗದ ತಾಯಿಯೊಬ್ಬಳು, ಅಲ್ಲಿನ ವಾಡಿಕೆಯಂತೆ, ತನ್ನ ಅವಳಿ ಮಕ್ಕಳಲ್ಲಿ ತೀರಿಕೊಂಡ ಮಗುವಿಗಾಗಿ ಮರದ ಗೊಂಬೆ ಕೆತ್ತಿಸಿ, ದಿನವೂ ಮೀಯಿಸಿ, ಗಂಜಿ ಉಣಿಸುತ್ತಿದ್ದಳು. ಅವಳ ಕಾಲದ ನಂತರ ಗೊಂಬೆ ದೂರದ ವಸ್ತುಸಂಗ್ರಹಾಲಯ ಸೇರಿತು. ಶುಚಿಮಾಡಲು ಹತ್ತಿಯುಂಡೆ ಬಂತು.

"ಮೈಯೆಲ್ಲ ಒರೆಸಣ್ಣ, ತುಟಿಯಂಚು ಮಾತ್ರ ಬಿಡು," ಎಂದಿತು ಗೊಂಬೆ.

"ಕೊಳೆ ಇರುವುದೇ ಅಲ್ಲಿ, ಪುಟ್ಟಾ."

"ಕೊಳೆಯಲ್ಲ, ಅಮ್ಮನ ಕೊನೆಯ ತುತ್ತು. ನನಗೆ ಅದೊಂದೇ ಉಳಿದಿರುವುದು."

"ನಿಮ್ಮಮ್ಮನಿಗೆ ಬಾಯಿ ಒರೆಸಲು ಬರುತ್ತಿರಲಿಲ್ಲವೇನೋ," ಎಂದು ನಗುತ್ತ ಹತ್ತಿಯುಂಡೆ ಒರೆಸಿಯೇಬಿಟ್ಟಿತು. ಆ ತುತ್ತಿನ ಜೊತೆ ತಾನೂ ಕಸದ ಬುಟ್ಟಿ ಸೇರಿತು.

ಈಗ ಗೊಂಬೆ ಗಾಜಿನೊಳಗೆ ಫಳಫಳ ಹೊಳೆಯುತ್ತದೆ. ಕೆಳಗಿನ ಫಲಕದಲ್ಲಿ ಹೀಗಿದೆ: "ತಾಯಂದಿರು ಇಂಥ ಗೊಂಬೆಗಳಿಗೆ ಪ್ರೀತಿಯಿಂದ ಉಣಿಸುತ್ತಿದ್ದರು. ದಯವಿಟ್ಟು ಮುಟ್ಟಬೇಡಿ."