ಮಾರ್ಗದರ್ಶಕರ ಸಹಿ

ವರದಾ ಹೊಳೆಯ ದಂಡೆಯಲ್ಲಿ ಒಂದು ಹಳೆಯ ಮಠವಿತ್ತು. ಮಠಕ್ಕೆ ಸ್ವಾಮಿಗಳಿರಲಿಲ್ಲ. ಅದರ ಪಡಸಾಲೆಯಲ್ಲಿ ಬಣಕಾರ ಮಾಸ್ತರರು ಇದ್ದರು. ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು.

ಹುಡುಗರು ಆ ಜಾಗವನ್ನು ಆಶ್ರಮ ಎನ್ನುತ್ತಿದ್ದರು. ಆಶ್ರಮ ಎಂದ ಕೂಡಲೇ ಜಿಂಕೆ, ನವಿಲು ಎಂದೆಲ್ಲ ನೀವು ಕಲ್ಪಿಸಿಕೊಂಡರೆ ಅದು ನಿಮ್ಮ ತಪ್ಪು. ಅಲ್ಲಿದ್ದದ್ದು ಒಂದು ಚಾಪೆ, ಒಂದು ಸ್ಟೋವ್, ಧೂಳು ಹಿಡಿದ ಪುಸ್ತಕಗಳು.

ಒಂದು ಗುರುವಾರ ಬೆಳಿಗ್ಗೆ ದಾಕ್ಷಾಯಣಿ ಬಂದಳು. ಬಿ.ಎ. ಕೊನೆಯ ಸೆಮಿಸ್ಟರಿನ ಹುಡುಗಿ. ಕಂಕುಳಲ್ಲಿ ಹೊಸದಾಗಿ ಬೈಂಡ್ ಮಾಡಿಸಿದ ವರದಿ.

"ಪ್ರಾಜೆಕ್ಟ್ ತಂದೇನ್ರಿ ಸರ. ಮಾರ್ಗದರ್ಶಕರು ಅಂತ ನಿಮ್ಮ ಹೆಸರು ಹಾಕೇನಿ. ಒಂದು ಸಹಿ ಮಾಡ್ರಿ."

"ಅವಸರ ಏನೈತಿ?"

"ವಸ್ತುಸಂಗ್ರಹಾಲಯದಾಗ ಒಂದು ವರ್ಷದ ತರಬೇತಿ ಐತ್ರಿ. ನಮ್ಮ ಕಾಲೇಜಿಗೆ ಒಂದೇ ಸೀಟು. ವರದಿ ನೋಡಿ ಆರಸ್ತಾರಂತ. ನಾಳೆ ಸಂಜಿ ಐದಕ್ಕ ಕಡೀ."

"ಸಿಗಲಿಲ್ಲ ಅಂದ್ರ?"

"ನಮ್ಮಣ್ಣ ಬ್ಯೂಟಿ ಪಾರ್ಲರ್ ಕೋರ್ಸಿಗೆ ನನ್ನ ಹೆಸರು ಹಚ್ಚಿ ಬಂದಾನ್ರಿ. ಸತ್ತ ರಾಜರು ನಿನಗ ಪಗಾರ ಕೊಡ್ತಾರೇನು ಅಂತ ಕೇಳ್ತಾನ."

"ಅದೂ ಚಲೋ ಕೆಲಸ."

"ಚಲೋನ ಐತ್ರಿ. ಆದ್ರ ನನಗ ಹುಬ್ಬು ತಿದ್ದಾಕ ಮನಸ್ಸಿಲ್ಲ. ನನಗ ಕಲ್ಲು ಬೇಕ್ರಿ ಸರ." ಹಳೆಯ ಕಲ್ಲು ಕಂಡರೆ ಆ ಹುಡುಗಿಗೆ ನಿಜವಾಗಿಯೂ ಜೀವ ಹಿಗ್ಗುತ್ತಿತ್ತು.

ಮಾಸ್ತರರು ಚಾಪೆ ತೋರಿಸಿದರು. "ಕೂಡು. ಯಾವ ಕಲ್ಲು ನೋಡಿದಿ, ಹೇಳು."

ಹೊಳೆಯಾಚೆಯ ಊರಿನ ವೀರಗಲ್ಲು. ಹಿಂದಿನ ಕಾಲದಲ್ಲಿ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಒಂದರ ಮೇಲೊಂದು ಮೂರು ಪಟ್ಟಿಕೆ ಮಾಡಿ ಅವನ ಕಥೆ ಕೆತ್ತಿದ್ದರು.

"ಮ್ಯಾಲಿನ ಪಟ್ಟಿಕಿಯೊಳಗ ವೀರ ಲಿಂಗದ ಮುಂದ ಕುಂತಾನ್ರಿ. ಆರಾಮ ಪೂಜಿ ಮಾಡಾಕತ್ತಾನ."

"ಮುಂದ?"

"ನಡುವಿನದರಾಗ ಇಬ್ಬರು ಹೆಂಗಸರು ಬಂದು ಅವನ ಎರಡೂ ರಟ್ಟಿ ಹಿಡದಾರ್ರಿ. ಅಂದ್ರ ಮದುವಿ ಆತು. ಇಬ್ಬರನ್ನೂ ಮಾಡಿಕೊಂಡ."

"ಮುಂದ?"

"ಕೆಳಗ ಯುದ್ಧ ಶುರು ಆಗೇತ್ರಿ."

ಮಾಸ್ತರರ ಮೀಸೆ ಒಮ್ಮೆ ಅಲುಗಿತು. "ಹಿಂಗಾಗಿ ನಿನ್ನ ತೀರ್ಮಾನ ಏನು?"

ದಾಕ್ಷಾಯಣಿ ವರದಿ ತೆರೆದು ಜೋರಾಗಿ ಓದಿದಳು. "ಮಧ್ಯಕಾಲೀನ ಕರ್ನಾಟಕದಲ್ಲಿ ಯುದ್ಧಗಳು ಸಂಭವಿಸಲು ಇಬ್ಬರು ಹೆಂಡಿರನ್ನು ಕಟ್ಟಿಕೊಳ್ಳುವ ಪದ್ಧತಿಯೇ ಪ್ರಮುಖ ಕಾರಣವಾಗಿತ್ತು ಎಂಬುದು ಈ ವೀರಗಲ್ಲಿನಿಂದ ಖಚಿತವಾಗಿ ತಿಳಿದುಬರುತ್ತದೆ."

ಮಾಸ್ತರರು ತಂಬಿಗೆ ಎತ್ತಿ ನೀರು ಕುಡಿದರು. ನೀರು ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡರು.

"ನಿಮ್ಮ ಕಾಲೇಜಿನಾಗ ಇದನ್ನ ನೋಡಿದವರು ಏನಂದ್ರು?"

"ಬೈಂಡಿಂಗ್ ಚಲೋ ಆಗೇತಿ ಅಂದ್ರು."

ಮಾಸ್ತರರು ವರದಿಯನ್ನು ತೆಗೆದುಕೊಂಡು ತಲೆಕೆಳಗು ಮಾಡಿ ಅವಳ ಕೈಗೆ ಕೊಟ್ಟರು.

ದಾಕ್ಷಾಯಣಿ ಅದನ್ನು ನೆಟ್ಟಗೆ ಮಾಡಿಟ್ಟಳು. ಮಾಸ್ತರರು ಮತ್ತೆ ತಲೆಕೆಳಗು ಮಾಡಿದರು.

"ಸರ, ನಿಮ್ಮ ಕನ್ನಡಕ ತರಲೇನ್ರಿ?"

"ಕನ್ನಡಕ ನನ್ನ ಮೂಗಿನ ಮ್ಯಾಲ ಐತಿ ತಂಗಿ. ಆ ಕಲ್ಲಿನ ಹತ್ರ ಯಾರಿದ್ರು?"

"ಒಬ್ಬಾಕಿ ಮುದುಕಿ ಇದ್ದಳ್ರಿ. ಕಲ್ಲಿಗೇ ಎಮ್ಮಿ ಕಟ್ಯಾಳ. ಫೋಟೋ ತಗ್ಯಾಕ ಎಮ್ಮಿ ಅಡ್ಡ. ಸಾಕಾಗಿ ಹೋತು."

"ಎಮ್ಮಿ ಸರಿಸಿದಿ. ಮುದುಕಿನ್ನ ಮಾತಾಡಿಸಿದೇನು?"

"ಆಕಿಗೇನ್ ಗೊತ್ತಿರತೈತ್ರಿ? ಆಕಿ ಸಾಲಿಗೇ ಹೋಗಿಲ್ಲ."

"ಕಲ್ಲಿನಾಗ ಇರಾಂವ ಹೋಗಿದ್ದನೇನು? ಹೋಗು, ಆಕಿನ್ನ ಕೇಳಿಕೊಂಡು ಬಾ."

ದಾಕ್ಷಾಯಣಿಗೆ ಸಿಟ್ಟು ಬಂತು. ಸಹಿ ಕೇಳಿದರೆ ಎಮ್ಮೆ ಕಾಯಲು ಕಳಿಸುತ್ತಾರಲ್ಲ ಈ ಮನುಷ್ಯ ಎಂದು ಗೊಣಗುತ್ತ ಹೊಳೆ ದಾಟಿದಳು. ಗೊಣಗಿದರೂ ಹೋದಳಲ್ಲ, ಅದು ಅವಳ ದೊಡ್ಡ ಗುಣ.

ಮುದುಕಿಯ ಹೆಸರು ಗೌರವ್ವ. ಹಾಲು ಹಿಂಡುತ್ತಿದ್ದಳು.

"ಅಜ್ಜಿ, ಈ ಕಲ್ಲಿನಾಗ ಇರೂದು ಏನು, ನಿಮಗ ಗೊತ್ತೈತೇನು?"

"ಅಯ್ಯ, ಗೊತ್ತಿಲ್ದ ಏನವಾ? ಇಲ್ಲಿ ಕೆಳಗ ಬಡದಾಡಿದ. ಸತ್ತ. ನಡುವ ದೇವಲೋಕದ ಹೆಣ್ಮಕ್ಕಳು ಬಂದು ಎತ್ತಿಕೊಂಡು ಹೊಂಟಾರ. ಮ್ಯಾಲ ಶಿವನ ಹತ್ರ ಹೋಗಿ ಕುಂತಾನ."

"ಅವರು ಹೆಂಡರಲ್ಲೇನು?"

ಗೌರವ್ವ ನಕ್ಕಳು. ಎಷ್ಟು ನಕ್ಕಳೆಂದರೆ ಎಮ್ಮೆ ಕಾಲು ಝಾಡಿಸಿತು. "ಯವ್ವಾ, ಯಾವ ಹೆಂಡ್ತಿ ಹಂಗ ಎತ್ತಿಕೊಂಡು ಹೋಗ್ತಾಳ?"

"ಕೆಳಗಿಂದ ಓದಬೇಕು ಅಂತ ನಿಮಗ ಯಾರ ಹೇಳಿದ್ರು?"

"ಯಾರ ಹೇಳಬೇಕು? ಸತ್ತಾಂವ ಮ್ಯಾಲ ಹೋಗ್ತಾನೋ, ಕೆಳಗ ಬರ್ತಾನೋ?"

ದಾಕ್ಷಾಯಣಿಯ ಮುಖ ಬಾಡಿತು. ನಾಚಿಕೆಯಿಂದ ಭೂಮಿಗೆ ಇಳಿದುಹೋದಳು. ಅರವತ್ತೆರಡು ಪುಟ, ಅಷ್ಟೂ ತಲೆಕೆಳಗು. ಬೈಂಡಿಂಗ್ ಮಾತ್ರ ಚಲೋ ಇತ್ತು.

"ನಾಯಿ ನೋಡಿದೇನು ಮತ್ತ?" ಎಂದಳು ಗೌರವ್ವ.

"ಯಾವ ನಾಯಿ?"

"ಇನ್ನೂ ಕೆಳಗ. ಸಗಣಿಯಾಗ ಮುಚ್ಚೇತಿ. ನಾ ಮದುವಿ ಆಗಿ ಬಂದ ವರ್ಷ ಹೊಳಿ ಬಂದು ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿತ್ತು. ಆಗ ಕಂಡಿತ್ತು."

ಎಮ್ಮೆಯನ್ನು ಸರಿಸಿ ಇಬ್ಬರೂ ಕೈಯಿಂದಲೇ ಕೆದರಿದರು. ಮೊಣಕೈ ಆಳದಲ್ಲಿ ನಾಲ್ಕನೆಯ ಪಟ್ಟಿಕೆ ಕಂಡಿತು. ಅಲ್ಲೊಂದು ನಾಯಿ, ಬಾಲ ಎತ್ತಿ, ಬಿದ್ದ ಯಜಮಾನನ ಮುಂದೆ ಹಲ್ಲು ಕಿರಿದು ನಿಂತಿತ್ತು. ಜೊತೆಗಾರರು ಯಾರೂ ಇರಲಿಲ್ಲ. ಓಡಿಹೋಗಿದ್ದಿರಬೇಕು.

ದಾಕ್ಷಾಯಣಿ ಸಗಣಿ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಅಷ್ಟು ಚೆಂದದ ನಾಯಿಯನ್ನು ಅವಳು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

ಕಂಡಿರಲಿಲ್ಲ ಎಂಬುದೇ ತೊಡಕಾಯಿತು.

ಆ ಕಲ್ಲಿನ ಬಗ್ಗೆ ಇದ್ದದ್ದು ಒಂದೇ ಪುಸ್ತಕ. ನಲವತ್ತು ವರ್ಷದ ಹಿಂದೆ ಬಣಕಾರ ಮಾಸ್ತರರೇ ಬರೆದದ್ದು. ಅದರಲ್ಲಿ ಆ ಕಲ್ಲಿಗೆ ಸಿಕ್ಕದ್ದು ಒಂದೇ ಸಾಲು, ಮೂರೇ ಪಟ್ಟಿಕೆ ಎಂದು. ಗುರುಗಳು ತಪ್ಪು ಎಂದು ಬರೆದು, ಅದೇ ಹಾಳೆ ಹಿಡಿದು ಅದೇ ಗುರುಗಳ ಸಹಿ ಕೇಳುವುದು ಹೇಗೆ? ಸಹಿ ಇಲ್ಲದಿದ್ದರೆ ಸೀಟೂ ಇಲ್ಲ.

ದಾಕ್ಷಾಯಣಿ ವರದಿಯನ್ನು ಹೊಸದಾಗಿ ಬರೆದಳು. ವೀರನನ್ನು ಕೆಳಗಿನಿಂದ ಮೇಲಕ್ಕೆ ಕಳಿಸಿದಳು. ನಾಯಿಯನ್ನು ಮಾತ್ರ ಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಮಾಸ್ತರರು ಅದನ್ನು ಪೂರ್ತಿ ಓದಿದರು. "ಈಗ ಇಂವ ಸರಿಯಾಗಿ ಸತ್ತ" ಎಂದರು. ಪೆನ್ನಿನ ಟೊಪ್ಪಿಗೆ ತೆಗೆದರು. ಅಷ್ಟರಲ್ಲಿ ಅವರ ಕಣ್ಣು ಅವಳ ಉಗುರುಗಳ ಮೇಲೆ ಬಿತ್ತು.

"ಉಗುರಿನಾಗ ಏನದು?"

"ಸಗಣಿರಿ. ಎಷ್ಟು ತೊಳದ್ರೂ ಹೋಗವಲ್ದು. ಕಲ್ಲಿನ ಬುಡ ಕೆದರಿದ್ದಿವಿ."

"ಏನು ಸಿಕ್ತು?"

"ಏನಿಲ್ರಿ."

ಮಾಸ್ತರರು ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಏನಿಲ್ಲದ್ದನ್ನ ತಗ್ಯಾಕ ಅಷ್ಟು ಆಳಕ್ಕ ಕೈ ಹಾಕಿದಿ?"

ದಾಕ್ಷಾಯಣಿ ಕೈ ಹಿಂದೆ ಮುಚ್ಚಿಕೊಂಡಳು. ಆಮೇಲೆ ಎಲ್ಲ ಒಮ್ಮೆಗೇ ಹೊರಗೆ ಬಂತು. "ನಾಯಿ ಸಿಕ್ತ್ರಿ ಸರ! ನಾಲ್ಕು ಪಟ್ಟಿಕಿ ಅದಾವು. ನೀವು ಮೂರು ಅಂತ ಬರದೀರಿ. ಬೇಕಾದ್ರ ಬೈರಿ, ಸಹಿ ಮಾತ್ರ ಮಾಡ್ರಿ!"

ಮಾಸ್ತರರು ಎದ್ದು ಒಳಗೆ ಹೋದರು. ತಮ್ಮ ಪುಸ್ತಕ ತಂದರು. ಪುಟ ಹುಡುಕಿದರು. "ಮೂರು" ಎಂಬುದನ್ನು ಬಹಳ ಹೊತ್ತು ನೋಡಿದರು.

"ನಾ ಹೋದ ದಿನ ಅಲ್ಲಿ ಎಮ್ಮಿ ಮಲಗಿತ್ತು" ಎಂದರು.

"ಎಬ್ಬಿಸಲಿಲ್ಲೇನ್ರಿ?"

"ಹೊಸಾ ಬಿಳೀ ಪ್ಯಾಂಟು ಹಾಕಿಕೊಂಡಿದ್ದೆ."

ಅವರು "ಮೂರು" ಹೊಡೆದುಹಾಕಿ "ನಾಲ್ಕು" ಎಂದು ಬರೆದರು. ಆಮೇಲೆ ದಾಕ್ಷಾಯಣಿಯ ವರದಿಯ ಮೊದಲ ಹಾಳೆ ತೆಗೆದರು. ಮಾರ್ಗದರ್ಶಕರು ಎಂಬಲ್ಲಿದ್ದ ತಮ್ಮ ಹೆಸರನ್ನೂ ಹೊಡೆದರು. ಅಲ್ಲಿ ಗೌರವ್ವ ಎಂದು ಬರೆದರು.

"ಸರ! ಏನ್ ಮಾಡಿದ್ರಿ? ನನ್ನ ಸೀಟು ಹೋತಲ್ರಿ!"

"ನಾಯಿ ಒಳಗ ಸೇರಿಸು. ಗೌರವ್ವನ ಹೆಬ್ಬೆಟ್ಟು ಒತ್ತಿಸು. ಐದಕ್ಕ ಮುಂಚೆ ಮುಟ್ಟಿಸು. ಹೋಗು."

ಅಳುತ್ತ ನಾಯಿಯನ್ನು ಬರೆದಳು. ಬೈಯುತ್ತ ಹೊಳೆ ದಾಟಿದಳು. ಶಾಯಿಪ್ಯಾಡು ಇರಲಿಲ್ಲ. ಗೌರವ್ವ ಒಲೆಯ ಮಸಿಗೆ ಎಮ್ಮೆಯ ಹಾಲು ಕಲಸಿ ಹೆಬ್ಬೆಟ್ಟು ಒತ್ತಿದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ವರದಿ ವಸ್ತುಸಂಗ್ರಹಾಲಯದ ಕಚೇರಿ ಮುಟ್ಟಿತು. ಅಲ್ಲಿನ ಗುಮಾಸ್ತರು ಹೆಬ್ಬೆಟ್ಟನ್ನು ನೋಡಿದರು, ಹಾಳೆಯನ್ನು ಮೂಸಿಯೂ ನೋಡಿದರು.

ಶನಿವಾರ ಮಧ್ಯಾಹ್ನ ದಾಕ್ಷಾಯಣಿ ಮಠದ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಮಾಸ್ತರರ ಮೊಬೈಲು ರಿಂಗಾಯಿತು. ಅವರಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವವರು.

"ಬಣಕಾರ ಸರ್, ನಾನು ವಸ್ತುಸಂಗ್ರಹಾಲಯದ ಅಧಿಕಾರಿ. ವರದಿಯಲ್ಲಿ ಹೊಡೆದುಹಾಕಿದ ನಿಮ್ಮ ಹೆಸರು ನೋಡಿ ಫೋನು ಮಾಡಿದೆ. ಬೆಳಿಗ್ಗೆ ಆ ಕಲ್ಲು ನೋಡಿಕೊಂಡು ಬಂದೆ. ನಾಯಿ ಇರೋದು ನಿಜ. ಹುಡುಗಿ ಸೋಮವಾರದಿಂದ ಬರಲಿ."

ದಾಕ್ಷಾಯಣಿ ಕಟ್ಟೆಯಿಂದ ಹಾರಿದಳು. ಕಾಲು ಉಳುಕಿತು. ಅದು ಅವಳ ಗಮನಕ್ಕೇ ಬರಲಿಲ್ಲ.

"ಒಂದೇ ತೊಂದರೆ ಸರ್" ಎಂದಿತು ಫೋನು. "ಮಾರ್ಗದರ್ಶಕರ ವಿದ್ಯಾರ್ಹತೆ ಅಂತ ಒಂದು ಕಾಲಂ ಇದೆ. ಗೌರವ್ವ ಅವರದ್ದು ಖಾಲಿ ಬಿಟ್ಟಿದ್ದೀರಿ. ಮೇಲಿನವರು ಕೇಳುತ್ತಾರೆ. ಏನಂತ ಬರೆಯಲಿ?"

ಮಾಸ್ತರರು ಮೀಸೆ ತಿರುವಿಕೊಂಡರು.

"ಬರಕೋರಿ. ನಾ ಆ ಕಲ್ಲಿಗೆ ಒಂದು ಸಲ ಹೋಗಿದ್ದೆ. ಹುಡುಗಿ ಎರಡು ಮೂರು ಸಲ ಹೋಗ್ಯಾಳ. ಗೌರವ್ವ ದಿನಾ ಎರಡು ಹೊತ್ತು ಹೋಗ್ತಾಳ."